ತಡವಾಗಿ ಬರುವ ಸುದ್ದಿ

ನಮ್ಮೂರಿನಲ್ಲಿ ಹುಡುಗಿಯೊಬ್ಬಳು ದೊಡ್ಡವಳಾದ ಸುದ್ದಿ ಒರಳಿನಿಂದ ಹೊರಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಯಾರದೋ ಮನೆಯಿಂದ ಹುರಿದ ಎಳ್ಳಿನ ಘಮ, ಅದರ ಹಿಂದೆಯೇ ಚಿಗಳಿ ಕುಟ್ಟುವ ಸದ್ದು. ಅಷ್ಟಾದರೆ ಬೀದಿಯ ಹೆಂಗಸರಿಗೆ ಬೇರೆ ಹೇಳಬೇಕಿರಲಿಲ್ಲ. ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕುತ್ತಿದ್ದ. ಸಂಜೆ ಸೋಬಾನೆ, ಆರತಿ, ಹುಡುಗಿಯ ಮಡಿಲಿಗೆ ಕೊಬ್ಬರಿ ಬೆಲ್ಲ. ಅವತ್ತಿನಿಂದ ಏನೋ ಹೊಸದು ಶುರುವಾಯಿತು ಎಂಬಂತೆ ಎಲ್ಲರ ನಡವಳಿಕೆ.

ದೇಹದ ಲೆಕ್ಕದಲ್ಲಿ ಅದು ಶುರುವಲ್ಲ. ಆರತಿಗೆ ಕೂತ ಹುಡುಗಿಯ ಎದೆಯಲ್ಲಿ ಮೊಗ್ಗು ಮೂಡಿ ಆಗಲೇ ಎರಡು, ಎರಡೂವರೆ ವರ್ಷ ಕಳೆದಿರುತ್ತದೆ. ಲಂಗ ಗಿಡ್ಡವಾಯಿತೆಂದು ಅಮ್ಮ ಅಂಚು ಬಿಚ್ಚಿ ಹೊಲಿದ ವರ್ಷ, ಅಂದರೆ ಎತ್ತರ ಸರ್ರನೆ ಏರುವ ಕಾಲ, ದಾಟಿಹೋಗಿರುತ್ತದೆ. ಇನ್ನು ಅವಳು ಬೆಳೆಯುವುದು ಹೆಚ್ಚೆಂದರೆ ನಾಲ್ಕು ಬೆರಳು. ಮೊದಲ ಮುಟ್ಟು ಇದೆಲ್ಲದರ ಬಾಲಂಗೋಚಿ. ತಿಂಗಳು ತಿಂಗಳ ಮುಟ್ಟಿನದೂ ಇದೇ ಕಥೆ. ನಾವು 'ಒಂದನೇ ದಿನ' ಎಂದು ಎಣಿಸುವ ಹೊತ್ತಿಗೆ ದೇಹ ಒಂದು ದೊಡ್ಡ ಕೆಲಸ ಮುಗಿಸಿ ಕೈ ತೊಳೆಯುತ್ತಿರುತ್ತದೆ. ಕಣ್ಣಿಗೆ ಕಾಣುವುದು ರಕ್ತವೊಂದೇ ಆದ್ದರಿಂದ ಮಾತೆಲ್ಲ ಅದರ ಸುತ್ತ ಬೆಳೆಯಿತು. ಮುಟ್ಟು, ಹೊರಗಾಗುವುದು, ದೂರ ಕೂರುವುದು, ಕಾಗೆ ಮುಟ್ಟಿತು, ಈಚಿನ ಡೇಟ್, ಪಿರಿಯಡ್ಸ್. ಇಷ್ಟೊಂದು ಮಾತುಗಳಲ್ಲಿ ಮಿಕ್ಕ ಇಪ್ಪತ್ತೈದು ದಿನಗಳಿಗೆ ಒಂದೂ ಇಲ್ಲ. ನಾನಿಲ್ಲಿ ಹೆಚ್ಚಾಗಿ ಹೇಳಹೊರಟಿರುವುದು ಆ ಹೆಸರಿಲ್ಲದ ದಿನಗಳ, ಅದಕ್ಕೂ ಹಿಂದಿನ ಹೆಸರಿಲ್ಲದ ವರ್ಷಗಳ ವಿಷಯ.

ಅದು ಮೂಗಿನಿಂದ ಮೊದಲಾಗುತ್ತದೆ. ಭ್ರೂಣದಲ್ಲಿ ಮೂಗು ರೂಪುಗೊಳ್ಳುವ ಜಾಗದಲ್ಲಿ ಹುಟ್ಟಿದ ಒಂದೆರಡು ಸಾವಿರ ನರಕೋಶಗಳು ವಾಸನೆಯ ನರಗಳ ಜಾಡು ಹಿಡಿದು ಮಿದುಳಿನೊಳಗೆ ನಡೆದುಹೋಗಿ, ಹೈಪೊಥಲಾಮಸ್ ಎಂಬ ಭಾಗದಲ್ಲಿ ನೆಲೆ ಊರುತ್ತವೆ. ಈ ನಡಿಗೆ ಅರ್ಧ ದಾರಿಯಲ್ಲೇ ನಿಂತವರಿಗೆ ಹರೆಯ ತಾನಾಗಿ ಬರುವುದಿಲ್ಲ. ಮಲ್ಲಿಗೆಯ ವಾಸನೆಯೂ ತಿಳಿಯುವುದಿಲ್ಲ. 1944ರಲ್ಲಿ ಫ್ರಾನ್ಜ್ ಕಾಲ್ಮನ್ ಇಂಥ ಕುಟುಂಬಗಳನ್ನು ವಿವರಿಸಿದರು. ಇವತ್ತಿಗೂ ಹರೆಯ ತಡವಾದ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋದರೆ, ಬಲ್ಲ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: ಕಾಫಿಪುಡಿಯ ವಾಸನೆ ಗೊತ್ತಾಗುತ್ತದೆಯೇ?

ಆ ಕೋಶಗಳು ಸ್ರವಿಸುವ ಹಾರ್ಮೋನಿನ ಹೆಸರು ಜಿಎನ್‌ಆರ್‌ಎಚ್. ಹತ್ತೇ ಅಮೈನೋ ಆಮ್ಲಗಳ ಪುಟ್ಟ ಸರ. ಇದನ್ನು ಹಿಡಿಯಲು ಆಂಡ್ರ್ಯೂ ಶಾಲಿ ಹಂದಿಗಳ ಹೈಪೊಥಲಾಮಸ್‌ಗಳನ್ನೂ ರೋಜರ್ ಗಿಯ್ಮಾ ಕುರಿಗಳದ್ದನ್ನೂ ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ತರಿಸಿ ಅರೆದರು. ಇಬ್ಬರ ನಡುವೆ ಕಡು ಪೈಪೋಟಿ. 1971ರಲ್ಲಿ ರಚನೆ ಬಯಲಾಯಿತು, 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಾರ್ಮೋನು ಕೈಗೆ ಸಿಕ್ಕಿತು, ಅದನ್ನು ಕೊಡುವ ಹದ ಮಾತ್ರ ಸಿಕ್ಕಿರಲಿಲ್ಲ. ಪಿಟ್ಸ್‌ಬರ್ಗ್‌ನ ಅರ್ನ್‌ಸ್ಟ್ ನೋಬಿಲ್ ಮತ್ತು ಸಂಗಡಿಗರು ಸ್ವಂತ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ರೀಸಸ್ ಮಂಗಗಳಿಗೆ ಅದನ್ನು ಒಂದೇ ಸಮನೆ ಹರಿಸಿದಾಗ, ಅದರ ಅಪ್ಪಣೆಗೆ ಕಾಯುವ ಪಿಟ್ಯುಟರಿ ಗ್ರಂಥಿ ಮುನಿಸಿಕೊಂಡು ಸುಮ್ಮನಾಯಿತು. ಗಂಟೆಗೊಮ್ಮೆ, ಕೆಲವೇ ನಿಮಿಷ ಕೊಟ್ಟು ನಿಲ್ಲಿಸಿದಾಗ ಎದ್ದು ಕೂತು, ಅಂಡಾಶಯವನ್ನು ನಡೆಸುವ ತನ್ನೆರಡು ಹಾರ್ಮೋನುಗಳನ್ನು, ಎಫ್‌ಎಸ್‌ಎಚ್ ಮತ್ತು ಎಲ್‌ಎಚ್‌ಗಳನ್ನು, ಬಿಡತೊಡಗಿತು. ಇದು 1978ರ ಮಾತು. ಎರಡು ವರ್ಷಗಳ ನಂತರ ಅವರು ಇನ್ನೂ ಎಳೆಯ ಹೆಣ್ಣು ಮಂಗಗಳಿಗೆ ಗಂಟೆಗೊಂದು ಮಿಡಿತದಂತೆ ಅದನ್ನೇ ಕೊಟ್ಟರು. ಎಳೆಯ ಮಂಗಗಳು ಮುಟ್ಟಾದವು, ಅಂಡಾಣು ಬಿಟ್ಟವು. ಮಿಡಿತ ನಿಲ್ಲಿಸಿದೊಡನೆ ಮರಳಿ ಬಾಲ್ಯಕ್ಕೆ ಹೋದವು.

ಈ ವಿಷಯದಲ್ಲಿ ನಾನು ಓದಿದ ಪ್ರಯೋಗಗಳಲ್ಲೆಲ್ಲ ಇದು ನನ್ನನ್ನು ಹೆಚ್ಚು ಕಾಡಿದ್ದು. ಅಂಡಾಶಯ, ಗರ್ಭಕೋಶ, ಪಿಟ್ಯುಟರಿ ಎಲ್ಲವೂ ಎಂದೋ ಅಣಿಯಾಗಿ ಕೂತಿವೆ. ಕಾಯುತ್ತಿರುವುದು ಮಿದುಳಿನ ತಾಳಕ್ಕಾಗಿ. ಆ ತಾಳವೂ ಹೊಸದಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಎಳೆಗೂಸಿನಲ್ಲಿ ಅದು ಜೋರಾಗಿಯೇ ಬಡಿಯುತ್ತದೆ. ವೈದ್ಯರು ಅದನ್ನು 'ಮಿನಿ ಪ್ಯೂಬರ್ಟಿ' ಎನ್ನುತ್ತಾರೆ. ಆಮೇಲೆ ಯಾವುದೋ ಕೈ ಅದನ್ನು ಅದುಮಿ ಹಿಡಿದು ಎಂಟು ಹತ್ತು ವರ್ಷ ಬಿಡುವುದಿಲ್ಲ. ಹರೆಯವೆಂದರೆ ಆ ಕೈ ಸಡಿಲುವುದು.

ಸಡಿಲಿಸುವುದು ಯಾರು? 1996ರಲ್ಲಿ ಅಮೆರಿಕದ ಹರ್ಶಿ ಎಂಬ ಊರಿನಲ್ಲಿ ಕ್ಯಾನ್ಸರ್ ಹರಡದಂತೆ ತಡೆಯುವ ಒಂದು ಜೀನ್ ಸಿಕ್ಕಿತ್ತು. ಊರು ಚಾಕೊಲೇಟಿಗೆ ಹೆಸರಾದದ್ದು. ಅಲ್ಲಿನ 'ಕಿಸ್' ಎಂಬ ಮಿಠಾಯಿಯ ಹೆಸರನ್ನೇ ಜೀನ್‌ಗೂ ಇಟ್ಟರು. ಅದು ತಯಾರಿಸುವ ಕಿಸ್‌ಪೆಪ್ಟಿನ್‌ಗೂ ಹರೆಯಕ್ಕೂ ಸಂಬಂಧವಿದೆಯೆಂದು ಯಾರೂ ಎಣಿಸಿರಲಿಲ್ಲ. 2003ರಲ್ಲಿ, ಹರೆಯವೇ ಬಾರದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ಎರಡು ತಂಡಗಳಿಗೆ ಕಿಸ್‌ಪೆಪ್ಟಿನ್ ಕೂರುವ ಗ್ರಾಹಕದಲ್ಲೇ ದೋಷ ಕಂಡಿತು. 2009ರಲ್ಲಿ ಟರ್ಕಿಯ ಕುಟುಂಬಗಳಿಂದ ನ್ಯೂರೋಕೈನಿನ್ ಬಿ ಎಂಬ ಇನ್ನೊಂದು ಹೆಸರು ಸೇರಿತು. ತಾಳ ಹಾಕುವ ಕೋಶಗಳು ಇವೆರಡನ್ನೂ ಬಳಸುತ್ತವೆ. 2013ರಲ್ಲಿ ಅದುಮುವ ಕೈಯ ಒಂದು ಬೆರಳೂ ಸಿಕ್ಕಿತು: ಎಂಕೆಆರ್‌ಎನ್3 ಎಂಬ ಜೀನ್. ಅದು ಕೆಟ್ಟ ಮಕ್ಕಳಲ್ಲಿ ಹರೆಯ ಬಹಳ ಬೇಗ ಬರುತ್ತದೆ. ವಿಚಿತ್ರವೆಂದರೆ ಈ ಜೀನ್‌ನ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ. 'ಅಮ್ಮನ ಹಾಗೆ ಇವಳೂ ಬೇಗ ನೆರೆದಳು' ಎನ್ನುವ ಹಿರಿಯರ ಮಾತು ಬಹಳ ಸಲ ನಿಜ. ಈ ಒಂದು ಪ್ರಕರಣದಲ್ಲಿ ಅಪ್ಪನ ಕಡೆ ವಿಚಾರಿಸಬೇಕು.

ಮಂಗಗಳ ಪ್ರಯೋಗದಿಂದ ಚಿಕಿತ್ಸೆಯೂ ಹುಟ್ಟಿತು. ತೀರ ಬೇಗ ಹರೆಯ ಬಂದ ಮಕ್ಕಳಿಗೆ ಈಗ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿರುವುದು ಜಿಎನ್‌ಆರ್‌ಎಚ್‌ನದೇ ತಮ್ಮನಂಥ ರಸಾಯನ, ಒಂದೇ ಸಮನೆ ಒಸರುವಂಥದ್ದು. ಬಿಟ್ಟು ಬಿಟ್ಟು ಬಂದರೆ ಎಬ್ಬಿಸುವುದು, ಬಿಡದೆ ಬಂದರೆ ಮಲಗಿಸುತ್ತದೆ.

ಇನ್ನು ವಯಸ್ಸಿನ ಪ್ರಶ್ನೆ. ಈ ಬದಲಾವಣೆಗಳನ್ನು ಅಳೆಯಲು ವೈದ್ಯರು ಬಳಸುವ ಐದು ಹಂತಗಳ ಅಳತೆಗೋಲು ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಮತ್ತು ವಿಲಿಯಂ ಮಾರ್ಷಲ್ ಅವರದು. ಹುಡುಗಿಯರದು 1969ರಲ್ಲಿ, ಹುಡುಗರದು 1970ರಲ್ಲಿ ಪ್ರಕಟವಾಯಿತು. ಅನಾಥಾಲಯವೊಂದರ ಮಕ್ಕಳನ್ನು ವರ್ಷಗಟ್ಟಲೆ ಬೆತ್ತಲೆ ನಿಲ್ಲಿಸಿ ಫೋಟೋ ತೆಗೆದು ಕಟ್ಟಿದ ಲೆಕ್ಕ ಅದು. ಇವತ್ತಾಗಿದ್ದರೆ ಯಾವ ನೈತಿಕ ಸಮಿತಿಯೂ ಒಪ್ಪುತ್ತಿರಲಿಲ್ಲ. ಆದರೂ ಜಗತ್ತಿನ ಮಕ್ಕಳ ವೈದ್ಯರೆಲ್ಲ ಅದನ್ನೇ ನೆಚ್ಚಿದ್ದಾರೆ. ಹುಡುಗರಲ್ಲಿ ಹರೆಯದ ಮೊದಲ ಗುರುತು ಮೀಸೆಯಲ್ಲ, ಒಡೆದ ದನಿಯೂ ಅಲ್ಲ. ವೃಷಣ ನಾಲ್ಕು ಮಿಲಿಲೀಟರ್ ಗಾತ್ರಕ್ಕೆ ಬರುವುದು. ಅದನ್ನು ಅಳೆಯಲು ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಪ್ರಾಡರ್ ಮಾಡಿದ ಮಣಿಸರವೊಂದಿದೆ, ದೂರದಿಂದ ನೋಡಿದರೆ ಜಪಮಾಲೆಯೇ. ಹುಡುಗರ ಎತ್ತರ ಏರುವುದು ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡವಾಗಿ. ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಹುಡುಗಿಯರು ಹಿಂದಿನ ಸಾಲಿನಲ್ಲಿರುವುದು ಅದಕ್ಕೇ.

19ನೇ ಶತಮಾನದ ನಡುವಿನ ಉತ್ತರ ಯೂರೋಪಿನಲ್ಲಿ ಮೊದಲ ಮುಟ್ಟು ಬರುತ್ತಿದ್ದುದು 16-17ರ ಆಸುಪಾಸಿನಲ್ಲಿ. ನೂರು ವರ್ಷಗಳಲ್ಲಿ ಅದು 13ರ ಹತ್ತಿರಕ್ಕಿಳಿಯಿತು. ನಮ್ಮಲ್ಲೂ ಈಗ ಹೆಚ್ಚೂಕಡಿಮೆ ಅಲ್ಲಿಯೇ ಇದೆ. ಹೊಟ್ಟೆ ತುಂಬ ಊಟ, ಕಡಿಮೆ ಕಾಯಿಲೆ: ಇಳಿಕೆಯ ಬಹುಪಾಲು ಇಷ್ಟಕ್ಕೇ ಆದದ್ದು. 1970ರಲ್ಲಿ ರೋಸ್ ಫ್ರಿಶ್ ಮತ್ತು ರೋಜರ್ ರೆವೆಲ್, ಹುಡುಗಿ ಸುಮಾರು 47 ಕಿಲೋ ತೂಗಿದಾಗ ಮುಟ್ಟು ಬರುತ್ತದೆ ಎಂದರು. ತೂಕ ಅಷ್ಟು ಕರಾರುವಾಕ್ಕಾಗಿ ಹೊಂದಲಿಲ್ಲ, ಒಳಗಿನ ಊಹೆ ಉಳಿಯಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕ ಲೆಪ್ಟಿನ್, ಕೊಬ್ಬು ಎಷ್ಟು ಕೂಡಿದೆಯೆಂದು ಮಿದುಳಿಗೆ ವರದಿ ಒಪ್ಪಿಸುವ ಹಾರ್ಮೋನು. ಅದು ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಹರೆಯ ಬರುವುದಿಲ್ಲ. ಹಾಗೆಂದು ಅದನ್ನು ಚುಚ್ಚಿದರೆ ಚಿಕ್ಕ ಮಗುವಿಗೆ ಹರೆಯ ಬಂದುಬಿಡುವುದೂ ಇಲ್ಲ. ಸೌದೆ ಇದೆ ಎಂದು ಹೇಳುವುದಷ್ಟೇ ಅದರ ಕೆಲಸ. ಒಲೆ ಹಚ್ಚುವವರು ಬೇರೆ.

ಈಗಿನ ತಕರಾರು ಬೇರೊಂದು. ಕೋಪನ್‌ಹೇಗನ್‌ನಲ್ಲಿ ಅಳೆದಾಗ ಎದೆಯ ಮೊಗ್ಗು ಮೂಡುವ ಸರಾಸರಿ ವಯಸ್ಸು 1991ರಲ್ಲಿ 10.88 ವರ್ಷವಿದ್ದದ್ದು 2006ರಲ್ಲಿ 9.86ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಮೊದಲ ಮುಟ್ಟು ಇಳಿದದ್ದು ಮೂರು ನಾಲ್ಕು ತಿಂಗಳು ಮಾತ್ರ. ಅಂದರೆ ಹರೆಯ ಬೇಗ ಬರುವುದಷ್ಟೇ ಅಲ್ಲ, ಹೆಚ್ಚು ದಿನ ಹಿಡಿಯುತ್ತಿದೆ. ಮುಟ್ಟನ್ನೇ ಆರಂಭವೆಂದು ಹಿಡಿದವರಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಇಟಲಿಯಿಂದಲೂ ಪುಣೆಯಿಂದಲೂ ಅಕಾಲ ಹರೆಯದ ಪ್ರಕರಣಗಳು ಏರಿದ ವರದಿಗಳು ಬಂದವು. ಕಾರಣವಾಗಿ ತೂಕ, ಜಡತೆ, ಪ್ಲಾಸ್ಟಿಕ್ಕಿನ ರಸಾಯನಗಳು, ಮಾನಸಿಕ ಒತ್ತಡ ಹೀಗೆ ಹಲವನ್ನು ಹೇಳುತ್ತಾರೆ. ಮೈತೂಕದ ಪಾಲು ಗಟ್ಟಿ, ಮಿಕ್ಕವು ಇನ್ನೂ ವಿಚಾರಣೆಯಲ್ಲಿವೆ. ನಮ್ಮ ಕಡೆ ಮಾತ್ರ ತೀರ್ಪು ಆಗಿಹೋಗಿದೆ: ಬಾಯ್ಲರ್ ಕೋಳಿ. ಆ ಕೋಳಿ ಆರು ವಾರಕ್ಕೆ ದಪ್ಪಗಾಗುವುದು ತಳಿಯಿಂದ, ಮೇವಿನಿಂದ. ಹಾರ್ಮೋನು ಚುಚ್ಚಿ ಅಲ್ಲ. ಅದನ್ನು ಬೈಯುವ ಹೊತ್ತಿನಲ್ಲಿ ಒಂದು ಲೆಕ್ಕ ನೆನಪಿಟ್ಟರೆ ಲೇಸು. ಹುಡುಗಿಗೆ ಎಂಟರೊಳಗೆ ಎದೆ ಮೂಡಿದರೆ, ಹುಡುಗನಿಗೆ ಒಂಬತ್ತರೊಳಗೆ ಹರೆಯದ ಗುರುತು ಕಂಡರೆ, ಹದಿಮೂರಾದರೂ ಹುಡುಗಿಗೆ ಎದೆ ಮೂಡದಿದ್ದರೆ, ಹದಿನೈದಾದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು.

ಅಂಡಾಶಯಕ್ಕೆ ಬರೋಣ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿನ ಹೆಣ್ಣು ಭ್ರೂಣದಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಉಳಿದಿರುವುದು ಹತ್ತಿಪ್ಪತ್ತು ಲಕ್ಷ, ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಬಾಳಿಡೀ ಹೊರಬರುವುದು ನಾನೂರರಷ್ಟು. ಮಿಕ್ಕವೆಲ್ಲ ಸದ್ದಿಲ್ಲದೆ ಕರಗುತ್ತವೆ, ಮುಟ್ಟಾದರೂ ಆಗದಿದ್ದರೂ.

ತಿಂಗಳ ಮೊದಲ ಭಾಗದಲ್ಲಿ ಅಂಡಾಣುವನ್ನು ಹೊತ್ತ ಕೆಲವು ಕೋಶಿಕೆಗಳು ಬೆಳೆಯಲು ಹೊರಟು, ಒಂದು ಮಾತ್ರ ಮುಂದಾಗುತ್ತದೆ. ಅದು ಬಿಡುವ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ, ಜೊತೆಗೆ ಮಿದುಳಿಗೆ 'ಸಾಕು, ಇನ್ನು ಬೇಡ' ಎಂದು ಹೇಳುತ್ತಿರುತ್ತದೆ. ಆದರೆ ಅದರ ಮಟ್ಟ ಮೇಲೇರಿ ಎರಡು ದಿನ ಹಾಗೇ ನಿಂತರೆ ಅದೇ ಸಂದೇಶದ ಅರ್ಥ ತಿರುಗುಮುರುಗಾಗುತ್ತದೆ. ಪಿಟ್ಯುಟರಿ ಎಲ್‌ಎಚ್ ಅನ್ನು ಒಮ್ಮೆಗೇ ಸುರಿಯುತ್ತದೆ. ಒಂದೂವರೆ ದಿನದಲ್ಲಿ ಕೋಶಿಕೆ ಒಡೆದು ಅಂಡಾಣು ಹೊರಬೀಳುತ್ತದೆ. ಈ ತಿರುವು ಹೊಸದಾಗಿ ನೆರೆದ ಹುಡುಗಿಯ ದೇಹಕ್ಕೆ ಕೂಡಲೇ ಒಗ್ಗುವುದಿಲ್ಲ. ಮೊದಲ ಒಂದೆರಡು ವರ್ಷ ಅಂಡಾಣು ಬಿಡದೆಯೇ ಮುಟ್ಟಾಗುವುದುಂಟು. ಆಗ 21 ದಿನಕ್ಕೂ 45 ದಿನಕ್ಕೂ ಆದರೆ ಗಾಬರಿ ಬೇಡ.

ಅಂಡಾಣು ಬಿಡುವ ದಿನ ಯಾವುದು ಎಂಬುದು ಬಹಳ ತಡವಾಗಿ ತಿಳಿದ ಸಂಗತಿ. 19ನೇ ಶತಮಾನದ ವೈದ್ಯರು ಹೆಂಗಸಿನ ಮುಟ್ಟನ್ನು ಹೆಣ್ಣು ನಾಯಿಯ ಬೆದೆಗೆ ಹೋಲಿಸಿ, ಬಸಿರು ಬೇಡದವರು ಎರಡು ಮುಟ್ಟುಗಳ ನಡುವಿನ ದಿನಗಳನ್ನು ಆರಿಸಿಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದರು. ಅದನ್ನು ನಂಬಿದ ಮನೆಗಳ ತೊಟ್ಟಿಲುಗಳನ್ನು ಎಣಿಸಿದವರಿಲ್ಲ. ಜಪಾನಿನ ಕ್ಯೂಸಾಕು ಒಗಿನೊ 1924ರಲ್ಲಿ, ಆಸ್ಟ್ರಿಯಾದ ಹರ್ಮನ್ ಕ್ನೌಸ್ ಸ್ವಲ್ಪ ಆಮೇಲೆ, ಬೇರೆ ಬೇರೆಯಾಗಿ ಒಂದೇ ಕಡೆ ಬಂದು ಮುಟ್ಟಿದರು: ಲೆಕ್ಕ ಹಿಂದಿನಿಂದ ಹಾಕಬೇಕು, ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡಾಣು ಬಿಡುತ್ತದೆ. ಮುಂದಿನ ಮುಟ್ಟು ಯಾವತ್ತೆಂದು ಮೊದಲೇ ತಿಳಿಯುವಂತಿದ್ದರೆ ಇದರಷ್ಟು ಸುಲಭದ ಲೆಕ್ಕ ಮತ್ತೊಂದಿಲ್ಲ!

28 ದಿನ ಎಂಬುದು ಚಂದ್ರನ ಮೇಲಿನ ಮೋಹ. 2019ರಲ್ಲಿ ಮೊಬೈಲ್ ಆ್ಯಪ್ ಒಂದರ 6,12,613 ಚಕ್ರಗಳನ್ನು ಕೂಡಿಸಿ ನೋಡಿದಾಗ ಸರಾಸರಿ 29.3 ದಿನ ಬಂತು. ಸರಿಯಾಗಿ 28 ದಿನದ್ದು ನೂರಕ್ಕೆ 13 ಮಾತ್ರ. ಹಿಗ್ಗುವುದು ಕುಗ್ಗುವುದು ಹೆಚ್ಚಾಗಿ ಮೊದಲರ್ಧ. ಪರೀಕ್ಷೆ, ಜ್ವರ, ಮದುವೆ ಮನೆಯ ಓಡಾಟ ಇವೆಲ್ಲ ಅಂಡಾಣು ಬಿಡುವುದನ್ನು ಮುಂದೂಡುತ್ತವೆ. 'ಮುಟ್ಟು ತಡವಾಯಿತು' ಎನ್ನುವಾಗ ನಿಜವಾಗಿ ತಡವಾದದ್ದು ಎರಡು ವಾರ ಹಿಂದಿನ, ಯಾರೂ ಗಮನಿಸದ ಆ ಘಟನೆ.

ಒಡೆದ ಕೋಶಿಕೆ ಹಳದಿ ಗಂಟಾಗಿ, ಕಾರ್ಪಸ್ ಲೂಟಿಯಂ ಆಗಿ, ಪ್ರೊಜೆಸ್ಟರೋನ್ ಬಿಡತೊಡಗುತ್ತದೆ. 1929ರಲ್ಲಿ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಅಲೆನ್ ಇದರ ಸಾರವನ್ನು ತೆಗೆದು ಬಸಿರು ನಿಲ್ಲಲು ಇದೇ ಆಧಾರವೆಂದು ತೋರಿಸಿದರು. ಗರ್ಭಕೋಶದ ಒಳಪದರ ಈಗ ದಪ್ಪಗಿರುವುದಷ್ಟೇ ಅಲ್ಲ, ಸ್ವಭಾವವನ್ನೇ ಬದಲಿಸುತ್ತದೆ. ಬಾಣಂತಿ ಕೋಣೆ ಅಣಿಮಾಡಿದ ಹಾಗೆ. ಭ್ರೂಣ ಬಂದು ಕೂತರೆ ಅದು ಕಳಿಸುವ ಎಚ್‌ಸಿಜಿ ಹಾರ್ಮೋನು ಹಳದಿ ಗಂಟನ್ನು ಬದುಕಿಸುತ್ತದೆ. ಬಾರದಿದ್ದರೆ ಎರಡು ವಾರಕ್ಕೆ ಅದು ಬತ್ತುತ್ತದೆ, ಪ್ರೊಜೆಸ್ಟರೋನ್ ಕುಸಿಯುತ್ತದೆ. ರಕ್ತ ಬರುವುದು ಈ ಕುಸಿತಕ್ಕೆ. ಕೆಲವು ಹೆಣ್ಣು ಕೂಸುಗಳಿಗೆ ಹುಟ್ಟಿದ ವಾರದಲ್ಲೇ ಬಟ್ಟೆಯ ಮೇಲೆ ಒಂದೆರಡು ಹನಿ ರಕ್ತ ಕಂಡು ಮನೆಯವರು ಹೆದರುವುದುಂಟು. ತಾಯಿಯ ಹಾರ್ಮೋನು ಒಮ್ಮೆಗೇ ತಪ್ಪಿಹೋದದ್ದರ ಫಲ ಅದು, ತಾನಾಗಿ ನಿಲ್ಲುತ್ತದೆ.

ಮುಟ್ಟಿನ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಅಮೆರಿಕದ ಜೋಸೆಫ್ ಮಾರ್ಕಿ. ಹೆಣ್ಣು ಮಂಗಗಳ ಗರ್ಭಕೋಶದ ಒಳಪದರದ ಚೂರುಗಳನ್ನು ಅವುಗಳದೇ ಕಣ್ಣಿನ ಪಾರದರ್ಶಕ ಪರದೆಯ ಹಿಂದೆ ನಾಟಿ ಮಾಡಿ, ಸೂಕ್ಷ್ಮದರ್ಶಕ ಹಿಡಿದು ತಿಂಗಳುಗಟ್ಟಲೆ ನೋಡುತ್ತ ಕೂತರು. ಚೂರು ಅಲ್ಲೇ ಬೇರೂರಿತು, ತಿಂಗಳಿಗೊಮ್ಮೆ ಕಣ್ಣೊಳಗೇ ಮುಟ್ಟಾಯಿತು. 1940ರಲ್ಲಿ ಅವರು ಬರೆದದ್ದು ಹೀಗೆ ಸಾಗುತ್ತದೆ: ಹಾರ್ಮೋನು ಇಳಿದೊಡನೆ ಪದರ ಕುಗ್ಗುತ್ತದೆ. ಅದರೊಳಗಿನ ಸುರುಳಿ ರಕ್ತನಾಳಗಳು ಜಾಗ ಸಾಲದೆ ಇನ್ನಷ್ಟು ಸುತ್ತಿಕೊಳ್ಳುತ್ತವೆ, ರಕ್ತ ಮಂದವಾಗುತ್ತದೆ. ಆಮೇಲೆ ನಾಳಗಳು ಬಿಗಿದುಕೊಂಡು ಪದರ ಬಿಳಿಚಿಕೊಳ್ಳುತ್ತದೆ. ಗಂಟೆಗಳ ನಂತರ ಒಂದೊಂದೇ ನಾಳ ಸಡಿಲಿ, ನಲ್ಲಿ ಬಿಟ್ಟಂತೆ ರಕ್ತ ಚಿಮ್ಮುತ್ತದೆ. ಮಂಗಗಳ ಪಾಡು ನೆನೆದರೆ ಸಂಕಟವಾಗುತ್ತದೆ. ಆದರೆ ನಮಗೆ ಗೊತ್ತಿರುವುದರ ಬಹುಭಾಗ ಆ ಕಣ್ಣಿನಿಂದಲೇ ಬಂದದ್ದು.

ನೋವಿನ ಕಾರಣವೂ ಅಲ್ಲೇ ಇದೆ. ಕುಸಿಯುವ ಪದರ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಬಿಡುತ್ತದೆ, ಅವು ಗರ್ಭಕೋಶವನ್ನು ಹಿಂಡುತ್ತವೆ. ಮೆಫೆನಾಮಿಕ್ ಆಮ್ಲದ ಮಾತ್ರೆ ತಡೆಯುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು. ಆದ್ದರಿಂದ ನೋವು ತಲೆಗೇರುವ ಮೊದಲೇ ನುಂಗಿದರೆ ಕೆಲಸ. 'ಹೆಣ್ಣಾಗಿ ಹುಟ್ಟಿದ ಮೇಲೆ ತಡಕೋಬೇಕು' ಎಂಬ ಉಪದೇಶದಡಿ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಗಳು ವರ್ಷಗಟ್ಟಲೆ ಅಡಗಿರುತ್ತವೆ. ಪ್ರತಿ ತಿಂಗಳೂ ಕಾಲೇಜು ತಪ್ಪಿಸುವ ನೋವು ಸಹಜವಲ್ಲ.

ರಕ್ತದ ಪ್ರಮಾಣ? ಒಂದು ಮುಟ್ಟಿಗೆ ಸರಾಸರಿ 30-40 ಮಿಲಿಲೀಟರ್, ಬೆಂಗಳೂರಿನ ಬೈಟು ಕಾಫಿಯ ಅರ್ಧ ಲೋಟ. 80 ದಾಟಿದರೆ ಅತಿಸ್ರಾವ. ಆದರೆ ಮನೆಯಲ್ಲಿ ಅಳೆಯುವುದು ಹೇಗೆ? ಪ್ಯಾಡು, ಕಪ್ಪುಗಳು ಎಷ್ಟು ಹಿಡಿಯುತ್ತವೆ ಎಂಬುದನ್ನು ನಿಜವಾದ ರಕ್ತ ಹಾಕಿ ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾದದ್ದು 2023ರಲ್ಲಿ. ಅಲ್ಲಿಯವರೆಗೆ ಉಪ್ಪುನೀರು, ಟಿವಿ ಜಾಹೀರಾತಿಗೆ ನೀಲಿ ನೀರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಗಂಟೆಗೊಂದು ಪ್ಯಾಡು ತೋಯುವ ಹುಡುಗಿಗೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯೊಂದೇ ಸಾಲದು.

ಆ ರಕ್ತದಲ್ಲಿ ವಿಷವಿದೆ ಎಂಬುದು ನಮ್ಮ ಅಜ್ಜಿಯರ ಮಾತು ಮಾತ್ರವಲ್ಲ. ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ತುಳಸಿ ಒಣಗುತ್ತದೆ ಎಂದು ಇಲ್ಲಿ ಹೇಳುತ್ತಿದ್ದಾಗ, ವಿಯೆನ್ನಾದ ಹೆಸರಾಂತ ಮಕ್ಕಳ ವೈದ್ಯ ಬೇಲಾ ಶಿಕ್ 1920ರಲ್ಲಿ, ಮುಟ್ಟಾದ ಕೆಲಸದವಳ ಕೈಯಲ್ಲಿ ಹೂ ಬಾಡಿದ್ದನ್ನು ಕಂಡು 'ಮೆನೊಟಾಕ್ಸಿನ್' ಎಂಬ ವಿಷವನ್ನೇ ಊಹಿಸಿದರು. ದಶಕಗಳ ಕಾಲ ಹುಡುಕಿದರೂ ಅಂಥದ್ದೇನೂ ಸಿಗಲಿಲ್ಲ. ಮಡಿ ಲ್ಯಾಬೊರೇಟರಿಗೂ ಬರುತ್ತದೆ. ಒಂದೇ ಹಾಸ್ಟೆಲಿನ ಹುಡುಗಿಯರು ಒಟ್ಟೊಟ್ಟಿಗೆ ಮುಟ್ಟಾಗುತ್ತಾರೆ ಎಂಬ 1971ರ ಮಾರ್ಥಾ ಮೆಕ್ಲಿಂಟಾಕ್ ಶೋಧವೂ ಆಮೇಲಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ, ಹಾಸ್ಟೆಲುಗಳಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಅಷ್ಟಕ್ಕೂ ಮುಟ್ಟು ಏಕೆ? ಹಸುವಿಗಿಲ್ಲ, ಬೆಕ್ಕಿಗಿಲ್ಲ, ನಾಯಿಯ ರಕ್ತ ಬೆದೆಯದು, ಮುಟ್ಟಿನದಲ್ಲ. ಮುಟ್ಟಾಗುವುದು ಮನುಷ್ಯರು, ಕೋತಿ ವಾನರಗಳು, ಆನೆಮೂತಿಯ ಒಂದು ಪುಟ್ಟ ಪ್ರಾಣಿ, 2017ರಲ್ಲಿ ಪಟ್ಟಿಗೆ ಸೇರಿದ ಮುಳ್ಳಿಲಿ, ಮತ್ತು ಕೆಲವು ಬಾವಲಿಗಳು. ನಮ್ಮ ಹಣ್ಣಿನ ತೋಟಗಳಿಗೆ ನುಗ್ಗುವ ಕಂದು ಬಾವಲಿಗಳಲ್ಲೂ ಒಂದು ಜಾತಿ ಇದರಲ್ಲಿದೆ. ಈ ಪ್ರಾಣಿಗಳಿಗೆಲ್ಲ ಇರುವ ಒಂದು ಸಾಮ್ಯವೆಂದರೆ, ಭ್ರೂಣ ಬರುವವರೆಗೆ ಕಾಯದೆ ಗರ್ಭಕೋಶ ಮೊದಲೇ ತಯಾರಾಗಿಬಿಡುವುದು. ಮನುಷ್ಯ ಭ್ರೂಣ ತಾಯಿಯ ರಕ್ತನಾಳಗಳವರೆಗೂ ಅಗೆದು ಇಳಿಯುವಂಥದ್ದು, ಅವುಗಳಲ್ಲಿ ಬಹಳಷ್ಟು ದೋಷವುಳ್ಳವೂ ಹೌದು. ಹಾಗಾಗಿ ಬಾಗಿಲು ಭದ್ರಪಡಿಸಿ, ಬಂದವರನ್ನು ಪರೀಕ್ಷಿಸುವ ಏರ್ಪಾಡು ಇದು ಎಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಹಾಗೆ ತಯಾರಾದ ಪದರ ಹಿಂದಿನ ಸ್ಥಿತಿಗೆ ಮರಳಲಾರದು, ಉದುರಲೇಬೇಕು.

ಬಾಳಿಡೀ ಎಷ್ಟು ಸಲ? ಮಾಲಿ ದೇಶದ ಡೋಗನ್ ಜನರಲ್ಲಿ ಮುಟ್ಟಾದವರು ಊರ ಗುಡಿಸಲಿನಲ್ಲಿ ಮಲಗಬೇಕು, ನಮ್ಮ ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳ ಹಾಗೆ. ಬೆವರ್ಲಿ ಸ್ಟ್ರಾಸ್‌ಮನ್ ಎರಡು ವರ್ಷ ದಿನವೂ ಆ ಗುಡಿಸಲಿನಲ್ಲಿ ಇದ್ದವರನ್ನು ಎಣಿಸಿದರು, ಮೂತ್ರದ ಹಾರ್ಮೋನಿನಿಂದ ತಾಳೆ ನೋಡಿದರು. ಅಲ್ಲಿನ ಹೆಂಗಸಿಗೆ ಬದುಕಿನಲ್ಲಿ ಸುಮಾರು ನೂರು ಮುಟ್ಟು. ಮಿಕ್ಕ ಕಾಲ ಬಸಿರು, ಎದೆಹಾಲು. ಇವತ್ತಿನ ನಗರದ ಹೆಂಗಸಿಗೆ ನಾನೂರು.

ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ತಾರೀಖುಗಳ ನಡುವೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದಳು. ಟ್ರಂಕಿನಲ್ಲಿ ಉಳಿದ ಹಳೆಯ ಕ್ಯಾಲೆಂಡರುಗಳನ್ನು ಈ ಬರಹಕ್ಕಾಗಿ ಬಿಚ್ಚಿ ಎಣಿಸಿದೆ: 26, 31, 29, 27, 33. 28 ಒಂದೇ ಸಲ ಬಂದಿದೆ. 1978ರ ಮಾರ್ಚ್ 20ರ ಚುಕ್ಕಿಯ ಆಮೇಲೆ ಹಾಳೆಗಳು ಖಾಲಿ. ಡಿಸೆಂಬರ್ ಕೊನೆಯಲ್ಲಿ ತಮ್ಮ ಹುಟ್ಟಿದ. 1979ರ ಇಡೀ ಕ್ಯಾಲೆಂಡರಿನಲ್ಲೂ ಹಾಲಿನ ಲೆಕ್ಕ ಬಿಟ್ಟರೆ ಏನಿಲ್ಲ, ದೀಪಾವಳಿ ಕಳೆದು ಒಂದು ವಾರಕ್ಕೆ ಮಸುಕಾದ ಒಂದು ಚುಕ್ಕಿ.